ಹೌರಾದ ತೇಲುಸೇತುವೆ

ರೈಲ್ವೆ ಗೇಟಿನ ಮುಂದೆ ನಿಂತು ಕಾದ ಅನುಭವ ನಿಮ್ಮಲ್ಲಿ ಯಾರಿಗಿಲ್ಲ? ಗೇಟು ಬಿದ್ದಿದೆ. ಈ ಕಡೆ ಬಸ್ಸು, ಗಾಡಿ, ಸೈಕಲ್ಲು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಆ ಕಡೆಯೂ ಅಷ್ಟೇ ಜನ. ರೈಲು ಮಾತ್ರ ಇನ್ನೂ ಕಾಣಿಸದು. ಐದು ನಿಮಿಷ ಹತ್ತಾಯಿತೆಂದರೆ ಗೊಣಗಾಟ ಮೊದಲಾಗುತ್ತದೆ. ಅವಸರದ ಮನುಷ್ಯನೊಬ್ಬ ಸೈಕಲ್ಲನ್ನು ಬಗ್ಗಿಸಿ ಗೇಟಿನ ಕೆಳಗೇ ನುಸುಳುತ್ತಾನೆ.

ಈಗ ಆ ಗೇಟಿನ ಜಾಗದಲ್ಲಿ ಕಾಲು ಮೈಲಿಗೂ ಮಿಗಿಲಾದ ಒಂದು ನದಿಯನ್ನು ಕಲ್ಪಿಸಿಕೊಳ್ಳಿ. ರೈಲಿನ ಜಾಗದಲ್ಲಿ ಹಡಗನ್ನು ಇಡಿ. ಹಡಗು ಬಂದಾಗ ಬೀಳುವುದು ಗೇಟಲ್ಲ. ರಸ್ತೆಯೇ ನಡುವೆ ಬಿಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಹಡಗು ದಾಟಿ, ಬಿಚ್ಚಿದ ತುಂಡು ಮತ್ತೆ ತನ್ನ ಜಾಗಕ್ಕೆ ಬಂದು ಕೂಡಿಕೊಳ್ಳುವವರೆಗೆ ಎರಡು ದಡಗಳಿಗೂ ಸಂಬಂಧವಿಲ್ಲ. ನುಸುಳಿ ಹೋಗೋಣವೆಂದರೆ ಕೆಳಗೆ ನೀರು! ಇಂಥದೊಂದು ರಸ್ತೆ ಕಲ್ಕತ್ತೆ ಮಹಾನಗರದ ಹೆಬ್ಬಾಗಿಲಿನಲ್ಲಿ 1874ರಿಂದ 1943ರವರೆಗೆ, ಅರವತ್ತೆಂಟು ವರ್ಷ ಕಾಲ ಇತ್ತು. ಇಂದು ಚಿತ್ರಪಟಗಳಲ್ಲಿ ಕಾಣುವ ಹೌರಾ ಸೇತುವೆಯ ಉಕ್ಕಿನ ಗೋಪುರಗಳು ನಿಮಗೆಲ್ಲ ಪರಿಚಿತ. ಅದು ಬರುವುದಕ್ಕೆ ಮುಂಚೆ ಅಲ್ಲಿದ್ದ ಆ ತೇಲುಸೇತುವೆಯ ಕಥೆಯನ್ನೂ, ಅದನ್ನು ಬದಲಾಯಿಸಲು ಯೋಚನೆ ಮಾಡಿದಂದಿನಿಂದ ಹೊಸದು ಬರುವವರೆಗೆ ಮೂವತ್ತೇಳು ವರ್ಷ ಏಕೆ ಹಿಡಿಯಿತು ಎಂಬುದನ್ನೂ ಇಲ್ಲಿ ನೋಡೋಣ.

ಮೊದಲು ಆ ಊರಿನ ನೆಲೆಯನ್ನು ತಿಳಿದುಕೊಳ್ಳಬೇಕು. ಕಲ್ಕತ್ತೆ ಇರುವುದು ಹುಗ್ಲಿ ನದಿಯ ಪೂರ್ವ ದಡದಲ್ಲಿ. ಹುಗ್ಲಿ ಎಂದರೆ ಗಂಗೆಯ ಕವಲು. ಅಲ್ಲಿನ ಜನ ಅದನ್ನು ಗಂಗೆಯೆಂದೇ ಕರೆದು, ಅದರಲ್ಲಿ ಮಿಂದು ಪುನೀತರಾಗುತ್ತಾರೆ. ಈಸ್ಟ್ ಇಂಡಿಯನ್ ರೈಲ್ವೆಯವರು 1854ರ ಆಗಸ್ಟ್ 15ರಂದು ಬಂಗಾಳದ ಮೊದಲ ರೈಲನ್ನು ಓಡಿಸಿದರು. ಆದರೆ ಆ ರೈಲು ಹೊರಟದ್ದು ಕಲ್ಕತ್ತೆಯಿಂದಲ್ಲ, ಎದುರು ದಡದ ಹೌರಾದಿಂದ. ಹಳಿಗಳು ಉತ್ತರ ಹಿಂದೂಸ್ತಾನದ ಕಡೆಗೆ ಬೆಳೆದಂತೆಲ್ಲ ಕಾಶಿ, ಪ್ರಯಾಗ, ದಿಲ್ಲಿಗಳಿಂದ ಬಂದ ಜನವೂ ಸರಕೂ ಹೌರಾದಲ್ಲಿ ಇಳಿಯತೊಡಗಿದುವು. ಕಣ್ಣೆದುರಿಗೇ ಮಹಾನಗರ, ನಡುವೆ ನದಿ. ಎಷ್ಟು ದೂರದಿಂದ ಬಂದವನಾದರೂ ಕೊನೆಗೆ ದೋಣಿಯನ್ನೇ ಹತ್ತಬೇಕು.

ಹಾಗಾದರೆ ಸೇತುವೆಯನ್ನು ಕಟ್ಟಬಾರದಿತ್ತೇ ಎಂದು ನೀವು ಕೇಳಬಹುದು. ಬಂಗಾಳದ ಸರ್ಕಾರವೂ ಅದನ್ನೇ ಕೇಳಿತು. 1862ರಲ್ಲಿ ಆ ರೈಲ್ವೆಯ ಮುಖ್ಯ ಇಂಜಿನಿಯರಾಗಿದ್ದ ಜಾರ್ಜ್ ಟರ್ನ್‌ಬುಲ್ ಈ ವಿಷಯವನ್ನು ಪರಿಶೀಲಿಸಿ ವರದಿ ಕೊಟ್ಟನು. ಅವನ ಅಭಿಪ್ರಾಯ ನಿಸ್ಸಂದಿಗ್ಧವಾಗಿತ್ತು. ಕಲ್ಕತ್ತೆಯ ಬಳಿ ನದಿಯ ತಳವೆಲ್ಲ ಆಳವಾದ ಕೆಸರು. ಅಲ್ಲಿ ಪಾಯ ಹಾಕಲು ಬಹಳ ಕೆಳಕ್ಕೆ ಹೋಗಬೇಕು, ಬಹಳ ಹಣ ಬೇಕು. ಅದೂ ಅಲ್ಲದೆ ಹಡಗುಗಳ ಸಂಚಾರಕ್ಕೆ ದೊಡ್ಡ ಅಡ್ಡಿಯಾದೀತು. ಉತ್ತರಕ್ಕೆ ಸುಮಾರು ಹನ್ನೆರಡು ಮೈಲಿ ದೂರದ ಪಲ್ತಾ ಘಾಟಿನಲ್ಲಿ ಗಟ್ಟಿ ಜೇಡಿಮಣ್ಣು ಹೆಚ್ಚು ಆಳವಿಲ್ಲದೆ ಸಿಕ್ಕುತ್ತದೆ. ಕಟ್ಟುವುದಾದರೆ ಅಲ್ಲಿ ಕಟ್ಟಿ ಎಂದನು. ನಾನೂರು ಅಡಿಯ ಐದು ಅಂಕಣ, ಇನ್ನೂರು ಅಡಿಯ ಎರಡು ಅಂಕಣಗಳ ಸೇತುವೆಯ ನಕ್ಷೆಯನ್ನೂ ಅಂದಾಜನ್ನೂ ಒದಗಿಸಿದನು. ಆ ಸೇತುವೆ ಕಾಗದದಲ್ಲೇ ಉಳಿಯಿತು. ಆದರೆ ಅವನು ಹೇಳಿದ ಎರಡು ತೊಡಕುಗಳು, ತಳದ ಕೆಸರು ಮತ್ತು ಮೇಲಿನ ಹಡಗು, ಮುಂದಿನ ಎಂಬತ್ತು ವರ್ಷ ಯಾರನ್ನೂ ಬಿಡಲಿಲ್ಲ.

ಇಲ್ಲಿ ಇನ್ನೊಂದು ಮಾತು. ನಮ್ಮ ಕಾವೇರಿ, ತುಂಗಭದ್ರೆಗಳ ಮೇಲೆ ಸೇತುವೆ ಕಟ್ಟುವಾಗ ಪ್ರವಾಹದ ಚಿಂತೆಯೊಂದೇ. ಹುಗ್ಲಿಯಾದರೋ ಸಮುದ್ರದ ಉಸಿರಾಟಕ್ಕೆ ಸಿಕ್ಕಿದ ನದಿ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದ ಅಲೆ ಕೆಲವೊಮ್ಮೆ ಗೋಡೆಯಂತೆ ಎದ್ದು ನದಿಯ ಮೇಲ್ಮುಖವಾಗಿ ನುಗ್ಗುತ್ತದೆ. ಇದನ್ನು ಅಲ್ಲಿಯವರು ‘ಬಾನ್’ ಎನ್ನುತ್ತಾರೆ. ನೀರು ಹೊತ್ತು ತರುವ ಮಣ್ಣಂತೂ ಅಪಾರ. ಇಂಥ ನದಿಯ ನಡುವೆ ಕಂಬ ನೆಟ್ಟರೆ ಅದರ ಸುತ್ತ ಹೂಳು ಕೂಡಿ ಹಡಗಿನ ಹಾದಿಯೇ ಕೆಟ್ಟೀತೆಂಬ ಭಯ ಬಂದರಿನವರಿಗೆ. ಕಲ್ಕತ್ತೆಯ ಐಶ್ವರ್ಯವೆಲ್ಲ ಆ ಹಾದಿಯಿಂದ ಬಂದದ್ದು. ಆದ್ದರಿಂದ ಅವರ ಭಯವನ್ನು ಹುಸಿಯೆಂದು ತಳ್ಳಿಹಾಕುವಂತಿರಲಿಲ್ಲ.

ಈ ಬಿಕ್ಕಟ್ಟಿಗೆ ಉಪಾಯ ಹುಡುಕಿದವನು ಬ್ರಾಡ್‌ಫರ್ಡ್ ಲೆಸ್ಲಿ ಎಂಬ ಇಂಜಿನಿಯರು. ಕಂಬ ನೆಡುವುದು ಬೇಡ, ಸೇತುವೆಯನ್ನೇ ತೇಲಿಸೋಣ ಎಂದನು ಅವನು. ಹಿಂದಿನ ರಾಜರು ದಂಡು ದಾಟಿಸಲು ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸುತ್ತಿದ್ದರೆಂದು ನೀವು ಓದಿರಬಹುದು. ಅದೇ ಉಪಾಯ, ಆದರೆ ಮಹಾನಗರಕ್ಕೆ ತಕ್ಕ ಪ್ರಮಾಣದಲ್ಲಿ. 1871ರಲ್ಲಿ ಇದಕ್ಕಾಗಿ ಶಾಸನವಾಯಿತು. ಸರ್ಕಾರದ ಹಣದಿಂದ ಸೇತುವೆ ಕಟ್ಟುವುದು, ಅದರ ಆಡಳಿತವನ್ನು ಬಂದರಿನ ಕಮಿಷನರುಗಳಿಗೆ ಒಪ್ಪಿಸುವುದು ಎಂದು ಗೊತ್ತಾಯಿತು. ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದುವು. ಜೋಡಣೆಯ ಕೆಲಸ ಕಲ್ಕತ್ತೆಯಲ್ಲಿ ನಡೆಯಿತು.

ಕೆಲಸ ಇನ್ನೇನು ಮುಗಿಯುವ ಹಂತಕ್ಕೆ ಬರುತ್ತಿದ್ದಾಗ, 1874ರ ಮಾರ್ಚ್ 20ರಂದು, ದೊಡ್ಡ ಬಿರುಗಾಳಿ ಬೀಸಿತು. ‘ಇಜೀರಿಯಾ’ ಎಂಬ ಉಗಿಹಡಗು ಲಂಗರು ಕಿತ್ತುಕೊಂಡು ಬಂದು ಸೇತುವೆಗೇ ಅಪ್ಪಳಿಸಿತು. ಮೂರು ತೆಪ್ಪಗಳು ಮುಳುಗಿದುವು. ಇನ್ನೂರು ಅಡಿಯಷ್ಟು ಸೇತುವೆ ಹಾಳಾಯಿತು. ಹಡಗಿಗೂ ರಸ್ತೆಗೂ ಮೊದಲ ಜಗಳ ಸೇತುವೆ ಹುಟ್ಟುವ ಮೊದಲೇ ಆಗಿಹೋಯಿತು ಎನ್ನಬೇಕು. ಮುರಿದದ್ದನ್ನು ಸರಿಪಡಿಸಿ, ಅದೇ ವರ್ಷದ ಅಕ್ಟೋಬರ್ 17ರಂದು ಸೇತುವೆಯನ್ನು ಜನಕ್ಕೆ ತೆರೆದರು. ಒಟ್ಟು ವೆಚ್ಚ 22 ಲಕ್ಷ ರೂಪಾಯಿ. ಉದ್ದ 1528 ಅಡಿ; ಅಗಲ 62 ಅಡಿ. ನಡುವೆ 48 ಅಡಿಯ ಗಾಡಿದಾರಿ, ಎರಡು ಪಕ್ಕಕ್ಕೂ ಏಳೇಳು ಅಡಿಯ ಕಾಲುದಾರಿ. ಮಧ್ಯದ 200 ಅಡಿಯ ಭಾಗವನ್ನು ಬಿಚ್ಚಿ ಸರಿಸಿ ಹಡಗುಗಳಿಗೆ ದಾರಿ ಬಿಡುವ ಏರ್ಪಾಡು.

ಜನಕ್ಕೆ ಇದು ದೊಡ್ಡ ಬೆರಗು. ಐದು ವರ್ಷ ಕಳೆದು, 1879ರ ಆಗಸ್ಟ್ 19ರಂದು, ಮಲ್ಲಿಕ್ ಘಾಟಿನ ನೀರೆತ್ತುವ ಠಾಣೆಯಲ್ಲಿ ಡೈನಮೋ ಓಡಿಸಿ ಸೇತುವೆಗೆ ವಿದ್ಯುದ್ದೀಪಗಳನ್ನು ಹಾಕಿದಾಗ ಬೆರಗು ಇಮ್ಮಡಿಯಾಗಿರಬೇಕು. ನಮ್ಮ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ ಎಂದು ನೆನೆದರೆ, ಆ ತೇಲುವ ರಸ್ತೆ ಎಷ್ಟು ಮುಂಚೆ ಬೆಳಗಿತು ಎಂಬುದು ನಿಮಗೆ ಅರಿವಾದೀತು.

ಆದರೆ ಬೆರಗು ಹಳತಾಗುತ್ತ ಬಂತು, ಕಷ್ಟ ಎದ್ದು ಕಾಣತೊಡಗಿತು. ತೇಲುವ ಸೇತುವೆ ನೀರಿನೊಡನೆ ಏರುತ್ತದೆ, ನೀರಿನೊಡನೆ ಇಳಿಯುತ್ತದೆ. ದಡ ಮಾತ್ರ ಇದ್ದಲ್ಲೇ ಇರುತ್ತದೆ. ಇಳಿತದ ಹೊತ್ತಿನಲ್ಲಿ ದಡದಿಂದ ಸೇತುವೆಗೆ ಇಳಿಯುವ ಅಂಕಣ ಕಡಿದಾದ ಇಳಿಜಾರು. ಎದುರು ದಡದಲ್ಲಿ ಅಷ್ಟೇ ಕಡಿದಾದ ಏರು. ಸೆಣಬಿನ ಪಿಂಡಿಗಳನ್ನೋ ಅಕ್ಕಿಮೂಟೆಗಳನ್ನೋ ಹೇರಿಕೊಂಡ ಜೋಡೆತ್ತಿನ ಗಾಡಿ ಆ ಏರನ್ನು ಹತ್ತಬೇಕಾದರೆ ಎತ್ತುಗಳ ಕಷ್ಟವನ್ನು ನೀವೇ ಊಹಿಸಿ. ಒಂದು ಗಾಡಿ ನಿಂತರೆ ಹಿಂದಿನ ಸಾಲೆಲ್ಲ ನಿಂತಂತೆ. ಸಾಲದ್ದಕ್ಕೆ, ನಡುವೆ 48 ಅಡಿ ಇದ್ದ ರಸ್ತೆ ದಡದ ಅಂಕಣಗಳಲ್ಲಿ 43 ಅಡಿಗೆ ಕುಗ್ಗುತ್ತಿತ್ತು. ಅದೂ ಇಪ್ಪತ್ತೊಂದೂವರೆ ಅಡಿಯ ಎರಡು ಸೀಳುಗಳಾಗಿ. ಏರು ಎಲ್ಲಿ ಕಡಿದೋ ಅಲ್ಲೇ ದಾರಿ ಕಿರಿದು.

ಇದರ ಮೇಲೆ ಹಡಗಿನ ಕಾಟ. ಮೊದಲಿನಿಂದ 1906ರವರೆಗೆ ಸೇತುವೆಯನ್ನು ತೆರೆಯುತ್ತಿದ್ದುದು ಹಗಲಿನಲ್ಲಿ ಮಾತ್ರ. ಎಂದರೆ, ಕಚೇರಿ, ಅಂಗಡಿ, ಸಂತೆ, ರೈಲುಗಳೆಲ್ಲ ನಡೆಯುವ ಹೊತ್ತಿನಲ್ಲೇ ರಸ್ತೆ ಬಿಚ್ಚಿಕೊಳ್ಳುತ್ತಿತ್ತು. 1906ರ ಜೂನ್ ತಿಂಗಳಿಂದ ರಾತ್ರಿಯೂ ತೆರೆಯುವ ಕ್ರಮ ಬಂತು. ಚಿಕ್ಕಪುಟ್ಟ ಹಡಗುಗಳೆಲ್ಲ ರಾತ್ರಿಗೆ ಸರಿದುವು. ಸಮುದ್ರಯಾನದ ದೊಡ್ಡ ಹಡಗುಗಳು ಮಾತ್ರ ಹಗಲಿನಲ್ಲೇ ದಾಟಬೇಕಾಗಿತ್ತು. ಇದು ನೋವಿಗೆ ಹಚ್ಚಿದ ಮುಲಾಮೇ ಹೊರತು ರೋಗಕ್ಕೆ ಮದ್ದಲ್ಲ.

ಆ ವೇಳೆಗೆ ರೋಗವೂ ಬಲಿತಿತ್ತು. ಕಲ್ಕತ್ತೆಯಲ್ಲಿ 1902ರಲ್ಲಿ ವಿದ್ಯುತ್ ಟ್ರಾಂ ಬಂತು, 1905ರಲ್ಲಿ ಹೌರಾಕ್ಕೂ ಬಂತು. ಎರಡು ಕಡೆಯ ಟ್ರಾಂಗಳೂ ನದಿಯ ದಡಕ್ಕೆ ಬಂದು ನಿಲ್ಲುವುವು. ಒಂದನ್ನೊಂದು ನೋಡಬಹುದಿತ್ತೇ ಹೊರತು ಕೂಡುವಂತಿರಲಿಲ್ಲ. ಹೌರಾದಲ್ಲಿ ಹೊಸದಾಗಿ ಕಟ್ಟಿದ ದೊಡ್ಡ ರೈಲು ನಿಲ್ದಾಣವೂ 1905ರಲ್ಲಿ ತೆರೆಯಿತು. ಬಂದಿಳಿಯುವ ಜನ ಹೆಚ್ಚುತ್ತಲೇ ಇದ್ದರು. ದಾಟುವ ದಾರಿ ಮಾತ್ರ ಅಷ್ಟೇ ಇತ್ತು.

ಕೊನೆಗೆ 1906ರಲ್ಲಿ ಬಂದರಿನ ಕಮಿಷನರುಗಳು ಒಂದು ಸಮಿತಿಯನ್ನು ನೇಮಿಸಿದರು. ರೈಲ್ವೆಯ ಮುಖ್ಯ ಇಂಜಿನಿಯರು ಹೈಯೆಟ್, ಕಲ್ಕತ್ತೆ ಕಾರ್ಪೊರೇಷನ್ನಿನ ಮುಖ್ಯ ಇಂಜಿನಿಯರು ಮೆಕೇಬ್ ಇವರು ಅಂಕಿ ಅಂಶಗಳನ್ನು ಕೂಡಿಹಾಕಿದರು. ಹದಿನಾರು ದಿನ ಸೇತುವೆಯ ಮೇಲೆ ಹೋಗಿಬರುವುದನ್ನೆಲ್ಲ ಎಣಿಸಿದರು. ಅವುಗಳಲ್ಲಿ ಅತಿ ಹೆಚ್ಚು ನೂಕುನುಗ್ಗಲಿದ್ದ ದಿನ ಆಗಸ್ಟ್ 27. ಅಂದು ದಾಟಿದ ವಾಹನಗಳಲ್ಲಿ ಹದಿಮೂರಕ್ಕೆ ಎಂಟು ಪಾಲು ಎತ್ತಿನ ಗಾಡಿಗಳೇ! ಸಾಮ್ರಾಜ್ಯದ ರಾಜಧಾನಿಯೆಂದು ಮೆರೆಯುತ್ತಿದ್ದ ನಗರದ ವ್ಯಾಪಾರವೆಲ್ಲ ಎತ್ತಿನ ಹೆಗಲ ಮೇಲೆ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಮಿತಿಯ ಮುಂದೆ ಆರು ದಾರಿಗಳಿದ್ದುವು. ದೊಡ್ಡ ಉಗಿದೋಣಿಗಳಲ್ಲಿ ಗಾಡಿಗಳನ್ನೇ ದಾಟಿಸುವುದು, ಎತ್ತರದ ತೊಲೆಯಿಂದ ತೊಟ್ಟಿಲಿನಂತೆ ಇಳಿಬಿಟ್ಟ ಕಟ್ಟೆಯನ್ನು ಆಚೆಗೀಚೆಗೆ ಎಳೆಯುವುದು, ನದಿಯ ಕೆಳಗೆ ಸುರಂಗ ಕೊರೆಯುವುದು, ಕಂಬಗಳ ಮೇಲೆ ಸೇತುವೆ, ಕಮಾನು ಸೇತುವೆ, ಮತ್ತೆ ತೇಲುಸೇತುವೆಯೇ. ಒಂದೊಂದಕ್ಕೂ ಒಂದೊಂದು ತೊಡಕು. ದೋಣಿಯೂ ತೊಟ್ಟಿಲೂ ಅಷ್ಟೊಂದು ಗಾಡಿಗಳಿಗೆ ಸಾಲವು. ಸುರಂಗಕ್ಕೆ ಎತ್ತಿನ ಗಾಡಿ ಇಳಿಯಬೇಕಾದರೆ, ಇಳಿಜಾರು ನಗರದೊಳಕ್ಕೆ ಎಷ್ಟು ದೂರದಿಂದ ಆರಂಭವಾಗಬೇಕು! ಹಡಗಿನ ಕೂವೆಕಂಬಕ್ಕೆ ತಗುಲದಷ್ಟು ಎತ್ತರದ ಸೇತುವೆಯೆಂದರೂ ಅದೇ ಪಾಡು. ಎತ್ತುಗಳು ಬೆಟ್ಟ ಹತ್ತಬೇಕು. ಕಂಬ ನೆಟ್ಟರೆ ಹೂಳಿನ ಭಯ. ಎಲ್ಲವನ್ನೂ ತೂಗಿ ನೋಡಿ ಸಮಿತಿ ಕೊನೆಗೆ ಆರಿಸಿದ್ದು ಯಾವುದನ್ನು ಗೊತ್ತೆ? ಇನ್ನೊಂದು ತೇಲುಸೇತುವೆಯನ್ನೇ. ಇಪ್ಪತ್ಮೂರು ಸಂಸ್ಥೆಗಳಿಂದ ನಕ್ಷೆಗಳನ್ನು ಕರೆದರು. ಒಳ್ಳೆಯ ನಕ್ಷೆಗೆ 3000 ಪೌಂಡು ಬಹುಮಾನವೆಂದು ಸಾರಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ತೆರೆಯುವ ಸೇತುವೆಯಿಂದ ಬೇಸತ್ತವರು ಮತ್ತೆ ತೆರೆಯುವ ಸೇತುವೆಯನ್ನೇ ಏಕೆ ಬಯಸಿದರು? ಇಂಜಿನಿಯರುಗಳಿಗೆ ಬೇರೆ ತಿಳಿಯದೆ ಅಲ್ಲ. ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯ ಮೇಲೆ 1710 ಅಡಿಯ ಅಂಕಣಗಳ ಉಕ್ಕಿನ ಸೇತುವೆ 1890ರಲ್ಲೇ ನಿಂತಿತ್ತು. ಪ್ರಶ್ನೆ ಇದ್ದುದು ವಿದ್ಯೆಯದಲ್ಲ, ಹಕ್ಕಿನದು: ಕಾಯಬೇಕಾದವರು ಯಾರು? ಗಾಡಿಯೋ, ಹಡಗೋ? ಸೇತುವೆಯನ್ನು ನೋಡಿಕೊಳ್ಳುತ್ತಿದ್ದವರು ಬಂದರಿನವರು. ಹಡಗು ಕಾದರೆ ಆಗುವ ನಷ್ಟಕ್ಕೆ ಲೆಕ್ಕವಿತ್ತು, ಲೆಕ್ಕ ಕೇಳುವ ಕಂಪನಿಗಳಿದ್ದುವು. ಗಾಡಿಯವನು ಕಾದ ಹೊತ್ತಿಗೆ, ನಡೆದು ಬಂದ ಕೂಲಿಯವನು ಕಳೆದುಕೊಂಡ ಅರ್ಧ ದಿನದ ಸಂಬಳಕ್ಕೆ ಯಾವ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಾರು? ಹದಿನಾರು ದಿನ ಗಾಡಿಗಳನ್ನು ಎಣಿಸಿದ ಸಮಿತಿಯೂ ರಸ್ತೆಗೆ ಪೂರ್ತಿ ಹಕ್ಕು ಕೊಡಲು ಅಂಜಿತು.

ಅಷ್ಟರಲ್ಲಿ 1914ರ ಮಹಾಯುದ್ಧ ಬಂತು. ಯೋಜನೆ ಮೂಲೆಗೆ ಬಿತ್ತು. ಹಳೆಯ ಸೇತುವೆಯನ್ನು 1917ರಲ್ಲಿ ಒಮ್ಮೆ, 1927ರಲ್ಲಿ ಇನ್ನೊಮ್ಮೆ ಅಲ್ಲಲ್ಲಿ ಹೊಸದು ಮಾಡಿ ಕಾಲ ನೂಕಿದರು. ಹಳೆಯ ಕೊಡೆಗೆ ತೇಪೆ ಹಾಕಿ ಇನ್ನೊಂದು ಮಳೆಗಾಲ ಕಳೆಯುವಂತೆ.

ಯುದ್ಧ ಮುಗಿದ ಮೇಲೆ, 1921ರಲ್ಲಿ, ಇನ್ನೊಂದು ಸಮಿತಿಯಾಯಿತು. ಇದರ ಅಧ್ಯಕ್ಷರು ಸರ್ ರಾಜೇಂದ್ರನಾಥ ಮುಖರ್ಜಿ. ಕಲ್ಕತ್ತೆಯ ವಿಕ್ಟೋರಿಯಾ ಸ್ಮಾರಕವನ್ನು ಕಟ್ಟಿದ ಮಾರ್ಟಿನ್ ಕಂಪನಿಯ ಪಾಲುದಾರರು ಇವರೇ. ಬಂದರಿನ ಅಧ್ಯಕ್ಷ ಸರ್ ಕ್ಲೆಮೆಂಟ್ ಹಿಂಡ್ಲಿಯೂ ಸಮಿತಿಯಲ್ಲಿದ್ದನು. ಅವರು ಸರ್ ಬೇಸಿಲ್ ಮಾಟ್ ಎಂಬ ಹೆಸರಾಂತ ಇಂಜಿನಿಯರನ ಸಲಹೆ ಕೇಳಿದರು. ನದಿಯ ನಡುವೆ ಕಂಬವೇ ಇಲ್ಲದ ಒಂದೇ ಕಮಾನಿನ ಸೇತುವೆಯನ್ನು ಅವನು ಸೂಚಿಸಿದನು. 1926ರಲ್ಲಿ ಹೊಸ ಹೌರಾ ಸೇತುವೆಯ ಶಾಸನವಾಯಿತು. ತೇಲುಸೇತುವೆಯನ್ನು ಕಟ್ಟಿದ ಲೆಸ್ಲಿ ತೊಂಬತ್ತು ದಾಟಿದ ಮುದುಕನಾಗಿ ತೀರಿಕೊಂಡದ್ದೂ ಅದೇ ವರ್ಷ. 1930ರಲ್ಲಿ ಗುಡ್ ಎಂಬುವನ ಅಧ್ಯಕ್ಷತೆಯಲ್ಲಿ ಮೂರನೆಯ ಸಮಿತಿ ಕುಳಿತು, ಕಂಬದ ಸೇತುವೆ ಆದೀತೇ ಎಂದು ಮತ್ತೆ ವಿಚಾರಿಸಿತು. ಕಡೆಗೆ ರೆಂಡೆಲ್, ಪಾಮರ್ ಮತ್ತು ಟ್ರಿಟನ್ ಎಂಬ ಲಂಡನ್ನಿನ ಇಂಜಿನಿಯರುಗಳ ನಕ್ಷೆ ಒಪ್ಪಿತವಾಗಿ, 1935ರಲ್ಲಿ ಶಾಸನವನ್ನು ತಿದ್ದಿ, 1936ರಲ್ಲಿ ಕೆಲಸ ಆರಂಭಿಸಿದರು. ರಾಜೇಂದ್ರನಾಥರು ಅದೇ ವರ್ಷ ಕಾಲವಾದರು. ತಾವು ವಾದಿಸಿದ ಸೇತುವೆಯನ್ನು ಅವರು ಕಾಣಲಿಲ್ಲ.

ಈ ಹೊಸ ಸೇತುವೆ ತೆರೆಯುವುದಿಲ್ಲ. ಅದರ ತಳಕ್ಕೂ ನೀರಿಗೂ ನಡುವೆ ಇರುವ ಎಡೆ ಸುಮಾರು 29 ಅಡಿ. ದೊಡ್ಡ ಹಡಗು ಅದರ ಕೆಳಗೆ ಹೋಗಲಾರದು. ಎಂದರೆ, ಕಾಯುವ ಸರದಿ ಕೊನೆಗೆ ಹಡಗಿಗೆ ಬಂತು. ಕಾಯುವುದಷ್ಟೇ ಅಲ್ಲ, ಅಲ್ಲಿಂದ ಹಿಂದಿರುಗುವುದೇ ಆಯಿತು. ಇದು ಸಾಧ್ಯವಾದದ್ದು ಹೇಗೆ? ಕಾಲವೇ ಅರ್ಧ ಕೆಲಸ ಮಾಡಿತ್ತು. 1892ರಲ್ಲಿ ಸೇತುವೆಗಿಂತ ಕೆಳಗೆ, ಸಮುದ್ರದ ಕಡೆಗೆ, ಕಿದರ್‌ಪುರದಲ್ಲಿ ದೊಡ್ಡ ಹಡಗುಕಟ್ಟೆ ತೆರೆದಿತ್ತು. 1920ರ ದಶಕದ ಕೊನೆಗೆ ಅದರ ಬಳಿಯಲ್ಲೇ ಇನ್ನೊಂದು ತಯಾರಾಯಿತು. ಸಮುದ್ರದ ಹಡಗುಗಳು ಸರಕನ್ನು ಅಲ್ಲೇ ಇಳಿಸುವಂತಾದ ಮೇಲೆ, ಮೇಲಿನ ನದಿಗೆ ಹೋಗಬೇಕಾದವು ದೋಣಿಗಳು, ಚಿಕ್ಕ ಉಗಿಹಡಗುಗಳು, ಸೆಣಬಿನ ಗಿರಣಿಗಳ ಸರಕುದೋಣಿಗಳು ಮಾತ್ರ. ಅವುಗಳಿಗೆ ಆ ಎಡೆ ಸಾಕು. ಬಂದರಿನವರ ಇನ್ನೊಂದು ಭಯವನ್ನೂ ನಕ್ಷೆ ಮನ್ನಿಸಿತು: ನದಿಯೊಳಗೆ ಒಂದೇ ಒಂದು ಕಂಬವಿಲ್ಲ. ಹೀಗೆ ರಸ್ತೆಗೆ ರಸ್ತೆಯ ಹಕ್ಕು ಸಿಕ್ಕಿತು, ನೀರಿಗೆ ನೀರಿನ ದಾರಿ ಉಳಿಯಿತು.

ಕಂಬವಿಲ್ಲದೆ ನಿಂತದ್ದು ಹೇಗೆಂದು ತಿಳಿಯಬೇಕೆ? ಎದುರುಬದುರು ಇಬ್ಬರು ಬಲಿಷ್ಠರು ನಿಂತು ಒಬ್ಬರ ಕಡೆಗೊಬ್ಬರು ಕೈ ಚಾಚಿದ್ದಾರೆನ್ನಿ. ಚಾಚಿದ ಆ ಕೈಗಳ ತುದಿಗೆ ಒಂದು ಹಲಗೆಯನ್ನು ತೂಗಹಾಕಿದೆ. ಇಬ್ಬರೂ ಮುಂದಕ್ಕೆ ಮುಗ್ಗರಿಸದಂತೆ ಅವರ ಇನ್ನೊಂದು ಕೈಯನ್ನು ಹಿಂದೆ ನೆಲಕ್ಕೆ ಬಿಗಿದು ಕಟ್ಟಿದೆ. ಹೌರಾ ಸೇತುವೆ ಇಷ್ಟೇ. ದಡದ ಗೋಪುರಗಳೇ ಆ ಬಲಿಷ್ಠರು. ನದಿಯ ಮೇಲೆ ಚಾಚಿದ ಒಂದೊಂದು ತೋಳು 468 ಅಡಿ. ನಡುವೆ ತೂಗುವ ಭಾಗ 564 ಅಡಿ. ಮೂರೂ ಕೂಡಿ ಗೋಪುರದಿಂದ ಗೋಪುರಕ್ಕೆ 1500 ಅಡಿ. ಹಿಂದಕ್ಕೆ ಬಿಗಿದ ತೋಳುಗಳು 325 ಅಡಿಯವು. 71 ಅಡಿ ಅಗಲದ ರಸ್ತೆ, ಪಕ್ಕಕ್ಕೆ ಹದಿನೈದು ಹದಿನೈದು ಅಡಿಯ ಕಾಲುದಾರಿಗಳು, ಎಲ್ಲವೂ ಮೇಲಿನ ಉಕ್ಕಿನಿಂದ 39 ಜೊತೆ ತೂಗುಕಂಬಿಗಳಲ್ಲಿ ಜೋತುಬಿದ್ದಿವೆ. ಎಲ್ಲ ಜೋಡಣೆಯೂ ರಿವಿಟ್ಟಿನದು, ನಟ್ಟು ಬೋಲ್ಟುಗಳಿಲ್ಲ.

ಪಾಯದ ಕೆಲಸದಲ್ಲಿ ಟರ್ನ್‌ಬುಲ್ ಹೆದರಿಸಿದ್ದ ಕೆಸರು ಎದುರಾಗದೆ ಬಿಡಲಿಲ್ಲ. ಪ್ರತಿ ಗೋಪುರದ ಅಡಿಯಲ್ಲೂ 181½ ಅಡಿ ಉದ್ದ, 81½ ಅಡಿ ಅಗಲದ ಒಂದು ಮಹಾಪೆಟ್ಟಿಗೆ. ಅದರಲ್ಲಿ ಬಾವಿಗಳಂತೆ 21 ಕೊಳವೆಗಳು. ಒಳಗಿನ ಮಣ್ಣನ್ನು ಕಬ್ಬಿಣದ ಹಿಡಿಕೆಗಳಿಂದ ತೋಡಿ ತೆಗೆದಂತೆ ಪೆಟ್ಟಿಗೆ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು, ದಿನಕ್ಕೆ ಒಂದಡಿಯಂತೆ. ಒಂದು ರಾತ್ರಿ ಕೆಳಗಿನ ನೆಲ ಇದ್ದಕ್ಕಿದ್ದಂತೆ ಕುಸಿದು, ಆ ಪರ್ವತವೆಲ್ಲ ಒಮ್ಮೆಗೇ ಎರಡಡಿ ಧುಮುಕಿತು. ಆ ಪೆಟ್ಟನ್ನು ಕಿದರ್‌ಪುರದಲ್ಲಿದ್ದ ಭೂಕಂಪಮಾಪಕ ಯಂತ್ರ ಭೂಕಂಪವೆಂದೇ ಬರೆದುಕೊಂಡಿತಂತೆ! ದಡದಲ್ಲಿದ್ದ ಒಂದು ದೇವಸ್ಥಾನ ಬಿದ್ದುಹೋಯಿತು. ಆಮೇಲೆ ಅದನ್ನು ಮತ್ತೆ ಕಟ್ಟಿಸಿದರು. ತೋಡಿದ ಕೆಸರಿನಲ್ಲಿ ಲಂಗರುಗಳು, ಫಿರಂಗಿಗಳು, ಹಿತ್ತಾಳೆಯ ಸಾಮಾನುಗಳು, ಕಂಪನಿ ಸರ್ಕಾರದ ಕಾಲದ ನಾಣ್ಯಗಳು ಸಿಕ್ಕಿದುವು. ಆಳಕ್ಕೆ ಹೋದಂತೆ ನೀರು ನುಗ್ಗದ ಹಾಗೆ ಗಾಳಿಯನ್ನು ಒತ್ತಿ ತುಂಬಿ, ಆ ಒತ್ತಡದೊಳಗೆ ಆಳುಗಳು ಕೆಲಸ ಮಾಡಬೇಕಾಯಿತು. ಸುಮಾರು 500 ಜನ ಇದರಲ್ಲಿ ದುಡಿದರು. ಕಲ್ಕತ್ತೆಯ ಕಡೆ ಪಾಯ ನಿಂತದ್ದು 103 ಅಡಿ ಆಳದಲ್ಲಿ, ಹೌರಾದ ಕಡೆ 87 ಅಡಿಯಲ್ಲಿ.

ಇನ್ನು ಉಕ್ಕಿನ ವಿಷಯ. ಒಟ್ಟು 26,500 ಟನ್ನು ಉಕ್ಕು ಬೇಕಾಯಿತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಇಂಗ್ಲೆಂಡಿನ ಉಕ್ಕೆಲ್ಲ ಯುದ್ಧಕ್ಕೆ ಹೋಯಿತು. ಅಲ್ಲಿಂದ ಬಂದದ್ದು ಸುಮಾರು 3000 ಟನ್ನು ಮಾತ್ರ. ಮಿಕ್ಕ 23,000 ಟನ್ನಿಗೂ ಹೆಚ್ಚಿನದು ಜಂಷೆಡ್‌ಪುರದ ಟಾಟಾ ಕಾರ್ಖಾನೆಯದು. ‘ಟಿಸ್ಕ್ರಾಂ’ ಎಂಬ ವಿಶೇಷ ಗಟ್ಟಿತನದ ಉಕ್ಕನ್ನು ಅವರು ತಯಾರಿಸಿಕೊಟ್ಟರು. ಪ್ರಧಾನ ಕಂತ್ರಾಟು ಇಂಗ್ಲೆಂಡಿನ ಕ್ಲೀವ್‌ಲೆಂಡ್ ಕಂಪನಿಯದಾದರೂ, ಉಕ್ಕನ್ನು ಕತ್ತರಿಸಿ ಹದಮಾಡಿ ಭಾಗಗಳನ್ನು ಸಿದ್ಧಪಡಿಸಿದವರು ಬ್ರೇತ್‌ವೈಟ್, ಬರ್ನ್, ಜೆಸಪ್ ಎಂಬ ಮೂರು ಕಂಪನಿಗಳ ಕೂಟದವರು, ಕಲ್ಕತ್ತೆಯ ನಾಲ್ಕು ಕಾರ್ಖಾನೆಗಳಲ್ಲಿ. 1874ರ ಸೇತುವೆ ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದಿತ್ತೆಂಬುದನ್ನು ನೆನಪಿಗೆ ತಂದುಕೊಳ್ಳಿ. 1906ರಲ್ಲೇ ಹೊಸದನ್ನು ಕಟ್ಟಿದ್ದರೆ ಅದೂ ಹಾಗೆಯೇ ಬರಬೇಕಾಗಿತ್ತು. ಟಾಟಾ ಕಂಪನಿ ಹುಟ್ಟಿದ್ದೇ 1907ರಲ್ಲಿ, ಅಲ್ಲಿ ಮೊದಲ ಉಕ್ಕು ಎರಕವಾದದ್ದು 1912ರಲ್ಲಿ. ಮೂವತ್ತು ವರ್ಷದ ತಡ ಕಾದ ಜನಕ್ಕೆ ಕಷ್ಟವನ್ನೇ ಕೊಟ್ಟಿತು. ಆದರೆ ಆ ತಡದೊಳಗೆ ದೇಶ ತನ್ನ ಉಕ್ಕನ್ನು ತಾನೇ ಕಾಯಿಸಲು ಕಲಿತುಕೊಂಡಿತ್ತು.

ಎರಡು ದಡಗಳಿಂದಲೂ ತೋಳುಗಳು ಗಾಳಿಯಲ್ಲಿ ಬೆಳೆಯುತ್ತ ಬಂದು ನಡುನೀರಿನ ಮೇಲೆ ಸಂಧಿಸಿದುವು. 800 ಟನ್ನಿನ ಹದಿನಾರು ಜಾಕುಗಳಿಂದ ಅವನ್ನು ಹದಕ್ಕೆ ತಂದು ಕೂಡಿಸಿದರು. ಪಕ್ಕದಲ್ಲಿ ಹಳೆಯ ತೇಲುಸೇತುವೆ ಎಂದಿನಂತೆ ಜನವನ್ನು ದಾಟಿಸುತ್ತಲೇ ಇತ್ತು. ಕೆಲಸ ಮುಗಿದು ತೆರೆಯುವ ದಿನ ಬಂದಾಗ ಹಬ್ಬ ಮಾಡುವ ಸ್ಥಿತಿ ಇರಲಿಲ್ಲ. 1942ರ ಡಿಸೆಂಬರಿನಲ್ಲಿ ಜಪಾನೀ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬು ಹಾಕಿದ್ದುವು. ಭಾಷಣವಿಲ್ಲ, ಬ್ಯಾಂಡಿಲ್ಲ. 1943ರ ಫೆಬ್ರವರಿ 3ರಂದು ಒಂದು ಒಂಟಿ ಟ್ರಾಂ ಹೊಸ ಸೇತುವೆಯ ಮೇಲೆ ಹಾದುಹೋಯಿತು. ಎದುರುಬದುರು ನಿಂತು ಒಂದನ್ನೊಂದು ನೋಡುತ್ತಿದ್ದ ಎರಡು ಊರುಗಳ ಹಳಿಗಳು ಅಂದು ಕೂಡಿದುವು.

1946ರಲ್ಲಿ ಮತ್ತೆ ಎಣಿಸಿ ನೋಡಿದಾಗ ದಿನಕ್ಕೆ 27,400 ವಾಹನಗಳು, 1,21,100 ಪಾದಚಾರಿಗಳು, 2,997 ದನಗಳು ಸೇತುವೆಯನ್ನು ದಾಟುತ್ತಿದ್ದುವು. ಆ ದನಗಳಿಗೆ ಉಬ್ಬರ ಇಳಿತದ ಏರಿಳಿಜಾರಿನ ಕಾಟ ತಪ್ಪಿತ್ತು ಎಂಬುದನ್ನು ಲೆಕ್ಕ ಬರೆದವರು ಬರೆಯದಿದ್ದರೂ ನಾವು ಓದಿಕೊಳ್ಳಬಹುದು. 1965ರಲ್ಲಿ ಇದಕ್ಕೆ ‘ರವೀಂದ್ರ ಸೇತು’ ಎಂದು ಕವೀಂದ್ರರ ಹೆಸರಿಟ್ಟರು. ಜನ ಮಾತ್ರ ಹೌರಾ ಸೇತುವೆಯೆಂದೇ ಕರೆಯುತ್ತಾರೆ. 1992ರಲ್ಲಿ ಕೆಳಗಡೆ ‘ವಿದ್ಯಾಸಾಗರ ಸೇತು’ ಬಂದು ಭಾರವನ್ನು ಹಂಚಿಕೊಂಡಿತು. 1993ರಲ್ಲಿ ಹೌರಾ ಸೇತುವೆಯ ಮೇಲೆ ಟ್ರಾಂ ನಿಂತಿತು.

ಹಡಗಿನ ಜಗಳ ಪೂರ್ತಿ ಮುಗಿಯಿತೆಂದು ತಿಳಿಯಬೇಡಿ. 2005ರಲ್ಲಿ ಸರಕುಹಡಗೊಂದು ಉಬ್ಬರದ ಹೊತ್ತಿನಲ್ಲಿ ಕೆಳಗೆ ನುಸುಳಲು ಹೋಗಿ, ಅದರ ಹೊಗೆಕೊಳವೆ ಸೇತುವೆಯ ತಳಕ್ಕೆ ಸಿಕ್ಕಿಕೊಂಡು ತೊಲೆಗಳಿಗೆ ಪೆಟ್ಟಾಯಿತು. ಮನುಷ್ಯರ ಕೊಡುಗೆಯೂ ಇದೆ: ದಾಟುವವರು ಉಗುಳಿದ ವೀಳ್ಯದ ರಸಕ್ಕೆ ತೂಗುಕಂಬಿಗಳ ಬುಡದ ಹೊದಿಕೆ ಸವೆದು, ಅವಕ್ಕೆ ಬೇರೆ ಕವಚ ತೊಡಿಸಬೇಕಾಯಿತು. ಕಟ್ಟಿದರಾಯಿತೆ? ನೋಡಿಕೊಳ್ಳುವುದೂ ಅಷ್ಟೇ ದೊಡ್ಡ ಕೆಲಸ.

1906ರ ಸಮಿತಿ ಬದಿಗಿಟ್ಟ ಐದು ದಾರಿಗಳಲ್ಲಿ ಸುರಂಗವೂ ಒಂದಾಗಿತ್ತಷ್ಟೆ? 2024ರ ಮಾರ್ಚಿನಲ್ಲಿ ಅದೂ ತೆರೆಯಿತು. ಕೋಲ್ಕತದ ಮೆಟ್ರೊ ರೈಲು ಈಗ ಹೌರಾದಿಂದ ಹುಗ್ಲಿಯ ತಳದಲ್ಲೇ ಹಾಯ್ದು ಮುಕ್ಕಾಲು ನಿಮಿಷದಲ್ಲಿ ಆಚೆ ದಡದ ಕಡೆ ಸೇರುತ್ತದೆ.

ನೀವು ಎಂದಾದರೂ ಕಾಶಿಯಾತ್ರೆಗೋ, ಮಕ್ಕಳ ಉದ್ಯೋಗದ ನೆಪದಲ್ಲೋ ಆ ಕಡೆ ಹೋಗಿ ಹೌರಾ ನಿಲ್ದಾಣದಲ್ಲಿ ಇಳಿದರೆ, ಸೇತುವೆಯ ಮೇಲೆ ನಡೆದೇ ದಾಟಿ. ಎಲ್ಲರೂ ಮೇಲಿನ ಗೋಪುರಗಳನ್ನು ನೋಡುತ್ತಾರೆ. ನೀವು ಒಮ್ಮೆ ಕೆಳಗಿನ ನೀರನ್ನೂ ನೋಡಿ. ಅಲ್ಲಿ ಕಂಬವಿಲ್ಲ. ಅಲ್ಲಿ ಹಿಂದೆ ರಸ್ತೆ ಬಿಚ್ಚಿಕೊಳ್ಳುತ್ತಿತ್ತು. ಎರಡು ದಡಗಳಲ್ಲೂ ಗಾಡಿಯವರು ನೊಗದ ಮೇಲೆ ಕೈಯೂರಿ, ಹಡಗು ದಾಟಲೆಂದು ಬಿಸಿಲಲ್ಲಿ ಕಾದು ನಿಲ್ಲುತ್ತಿದ್ದರು. ಅವರ ಮಾತನ್ನು ಯಾವ ಸಮಿತಿಯೂ ಬರೆದುಕೊಳ್ಳಲಿಲ್ಲ. ಆದರೂ 1906ರ ಆಗಸ್ಟ್ 27ರಂದು ಯಾರೋ ಕುಳಿತು ಅವರ ಗಾಡಿಗಳನ್ನು ಒಂದೊಂದಾಗಿ ಎಣಿಸಿದರಲ್ಲ, ಇಂದಿನ ಸೇತುವೆಯ ಕಥೆ ಆರಂಭವಾದದ್ದು ಆ ಎಣಿಕೆಯಿಂದ.